ಕ್ಯಾನನ್ 85 ಮಿಮೀ: ಎಫ್ 1.8 ಸಾಕೇ, ಎಫ್ 1.2 ಬೇಕೇ?

ಕ್ಯಾನನ್ ಡಿಎಸ್‌ಎಲ್‌ಆರ್‌ಗಳ ಇಎಫ್ ಮೌಂಟ್‌ನಲ್ಲಿ (ಲೆನ್ಸ್ ಕೂರುವ ಜೋಡಣೆ) ಪೋರ್ಟ್ರೇಟ್‌ಗೆ 85 ಮಿಮೀ ಪ್ರೈಮ್, ಅಂದರೆ ಜೂಮ್ ಇಲ್ಲದ ಲೆನ್ಸ್, ಹುಡುಕುವ ಬಹಳ ಜನ ಎರಡು ಲೆನ್ಸ್‌ಗಳ ನಡುವೆ ಸಿಕ್ಕಿಕೊಳ್ಳುತ್ತಾರೆ. ಒಂದು 1992ರ ಎಫ್ 1.8 ಯುಎಸ್‌ಎಂ, ತೂಕ 425 ಗ್ರಾಂ. ಇನ್ನೊಂದು 2006ರಲ್ಲಿ ಬಂದ ಎಫ್ 1.2 ಎಲ್ ಲೆನ್ಸಿನ ಎರಡನೇ ಆವೃತ್ತಿ, ತೂಕ 1025 ಗ್ರಾಂ. ಎಫ್ ಜೊತೆಗಿನ ಅಂಕಿ ಚಿಕ್ಕದಾದಷ್ಟೂ ಬೆಳಕು ಒಳಬಿಡುವ ತೂತು, ಅಂದರೆ ಅಪರ್ಚರ್, ದೊಡ್ಡದು. ಅಡಾಪ್ಟರ್ ಹಾಕಿದರೆ ಆರ್ ಸರಣಿಯ ಮಿರರ್‌ಲೆಸ್ ಕ್ಯಾಮೆರಾಗಳಲ್ಲೂ ಎರಡೂ ಚೆನ್ನಾಗಿ ಕೆಲಸ ಮಾಡುತ್ತವೆ, ಹಾಗಾಗಿ ಈ ಪ್ರಶ್ನೆ ಹಳೆಯದಾಗಿಲ್ಲ.

ಮುಖದ ಕ್ಲೋಸಪ್ ಚೆನ್ನಾಗಿ ಬರಬೇಕೆಂದರೆ ಎಫ್ 1.2 ಬೇಕು ಎಂಬ ನಂಬಿಕೆಯಿದೆ. ವಾಸ್ತವ ತದ್ವಿರುದ್ಧ. ಕ್ಲೋಸಪ್‌ನಲ್ಲಿ ಆ ಲೆನ್ಸಿಗೆ ಕೆಲಸವೇ ಕಡಿಮೆ. ಅದರ ಬೆಲೆ ಗೊತ್ತಾಗುವುದು ವ್ಯಕ್ತಿಯನ್ನು ಅಡಿಯಿಂದ ಮುಡಿಯವರೆಗೆ ತೆಗೆಯುವಾಗ.

ಲೆಕ್ಕ ಹಾಕಿ ನೋಡಿ. ಫುಲ್ ಫ್ರೇಮ್ (36×24 ಮಿಮೀ ಸೆನ್ಸರಿನ) ಕ್ಯಾಮೆರಾವನ್ನು ಲಂಬವಾಗಿ ಹಿಡಿದು, ತಲೆ ಮತ್ತು ಭುಜ ಸೇರಿ ಸುಮಾರು 50 ಸೆಂಮೀ ಎತ್ತರ ಫ್ರೇಮ್ ತುಂಬಬೇಕಾದರೆ 1.2 ಮೀಟರ್ ದೂರದಲ್ಲಿ ನಿಲ್ಲಬೇಕು. ಅಲ್ಲಿ ಎಫ್ 1.2ರಲ್ಲಿ ಫೋಕಸಿನ ಹಿಂದೆ ಮುಂದೆ ಸೇರಿ ಶಾರ್ಪ್ ಆಗಿ ಸಿಗುವ ಆಳ ಸುಮಾರು 1.3 ಸೆಂಮೀ, ಎಫ್ 1.8ರಲ್ಲಿ 2 ಸೆಂಮೀ. ಮುಖವನ್ನು 30 ಡಿಗ್ರಿ ತಿರುಗಿಸಿದರೆ ಸಾಕು, ಒಂದು ಕಣ್ಣು ಇನ್ನೊಂದಕ್ಕಿಂತ 3 ಸೆಂಮೀ ಹಿಂದೆ ಹೋಗುತ್ತದೆ. ಹತ್ತಿರದ ಕಣ್ಣಿಗೆ ಫೋಕಸ್ ಮಾಡಿದರೆ ಸಿಗುವ ಆಳದಲ್ಲಿ ಅರ್ಧ ಮಾತ್ರ ಅದರ ಹಿಂದೆ ಬೀಳುವುದರಿಂದ, ಎಫ್ 2.8ರಲ್ಲೂ ದೂರದ ಕಣ್ಣಿನ ರೆಪ್ಪೆಗೂದಲು ಮಸುಕಾಗಿರುತ್ತದೆ. ಎಫ್ 4ಕ್ಕೆ ಬಂದಾಗ ನೋಡುವಂತಾಗುತ್ತದೆ. ಎಫ್ 4ರಲ್ಲಿ ತೆಗೆಯುವ ಚಿತ್ರಕ್ಕೆ ಎಫ್ 1.2 ಲೆನ್ಸ್ ಹೊರುವುದು ಬರೀ ಭುಜ ನೋವಿಗೆ.

ಈಗ ಹಿನ್ನೆಲೆಗೆ ಬನ್ನಿ. ಬಹಳ ದೂರದ ಒಂದು ದೀಪ ಎಷ್ಟು ದೊಡ್ಡ ಬಿಲ್ಲೆಯಾಗಿ ಕಾಣುತ್ತದೆ ಎಂಬುದಕ್ಕೆ ಸುಲಭದ ಅಳತೆಯಿದೆ: ಫೋಕಸ್ ಆದ ವ್ಯಕ್ತಿಯ ಪಕ್ಕದಲ್ಲಿಟ್ಟು ಅಳೆದರೆ ಆ ಬಿಲ್ಲೆ ಲೆನ್ಸಿನ ಅಪರ್ಚರಿನಷ್ಟೇ ಅಗಲ. 85ನ್ನು 1.8ರಿಂದ ಭಾಗಿಸಿದರೆ 4.7 ಸೆಂಮೀ, 1.2ರಿಂದ ಭಾಗಿಸಿದರೆ 7.1 ಸೆಂಮೀ. 50 ಸೆಂಮೀ ಫ್ರೇಮಿನಲ್ಲಿ 4.7 ಸೆಂಮೀ ಎಂದರೆ ಹೆಚ್ಚುಕಡಿಮೆ ಹತ್ತನೇ ಒಂದು ಪಾಲು. ಹಿನ್ನೆಲೆ ಆಗಲೇ ಕರಗಿಹೋಗಿದೆ, ಇನ್ನಷ್ಟು ಕರಗಿಸಿ ಪ್ರಯೋಜನವಿಲ್ಲ. ಆದರೆ ವ್ಯಕ್ತಿ ಪೂರ್ತಿ ಕಾಣುವ 2 ಮೀಟರ್ ಫ್ರೇಮಿನಲ್ಲಿ, ಅಂದರೆ 4.7 ಮೀಟರ್ ದೂರದಿಂದ, ಅದೇ ಬಿಲ್ಲೆ ನಲವತ್ತನೇ ಒಂದು ಪಾಲಿಗೂ ಸಣ್ಣದು. ಹಿಂದಿನ ಮರದ ಕೊಂಬೆ, ಕಿಟಕಿಯ ಸರಳು ಗುರುತು ಸಿಗುತ್ತವೆ. 7.1 ಸೆಂಮೀ ಬಿಲ್ಲೆ ಇಲ್ಲಿ ಕೆಲಸಕ್ಕೆ ಬರುತ್ತದೆ. ವ್ಯಕ್ತಿ ಹಿನ್ನೆಲೆಯಿಂದ ಎದ್ದು ನಿಲ್ಲುತ್ತಾನೆ. ಎಫ್ 1.2ರಲ್ಲಿ ಫೋಕಸಿನ ಆಳವೂ ಸುಮಾರು 22 ಸೆಂಮೀ ಇರುವುದರಿಂದ ಎರಡೂ ಕಣ್ಣು ಸುರಕ್ಷಿತ. ಈ ಬಗೆಯ ಚಿತ್ರವೇ ನಿಮ್ಮ ಮುಖ್ಯ ಕೆಲಸವಾದರೆ ಮಾತ್ರ ಎಲ್ ಲೆನ್ಸ್ ಕೊಳ್ಳಿ. ಉಳಿದವರಿಗೆ ಎಫ್ 1.8.

ಫೋಕಸ್ ವೇಗದಲ್ಲಿ ಎಫ್ 1.8 ಸಲೀಸಾಗಿ ಗೆಲ್ಲುತ್ತದೆ. ಎಲ್ ಲೆನ್ಸಿನ ಮೋಟಾರ್ ದಪ್ಪ ಗಾಜಿನ ರಾಶಿಯನ್ನು ಸರಿಸಬೇಕು, ಅದು ನಿಧಾನ. ಓಡುವ ಮಗುವಿನ ಹಿಂದೆ ಅದನ್ನು ಹಿಡಿದು ಹೋಗಬೇಡಿ. ಅದರ ಫೋಕಸ್ ರಿಂಗ್ ಕೂಡ ನೇರವಾಗಿ ಗಾಜಿಗೆ ಜೋಡಣೆಯಾಗಿಲ್ಲ, ಮೋಟಾರಿನ ಮೂಲಕ ಓಡುತ್ತದೆ. ಕ್ಯಾಮೆರಾ ಆಫ್ ಇದ್ದರೆ ಎಷ್ಟು ತಿರುಗಿಸಿದರೂ ಏನೂ ಅಲುಗದು. ಹತ್ತಿರ ಫೋಕಸ್ ಮಾಡಿದಾಗ ಮುಂದಿನ ಭಾಗ ಹೊರಗೆ ಚಾಚಿಕೊಳ್ಳುತ್ತದೆ. ಚೀಲಕ್ಕೆ ಹಾಕುವ ಮುನ್ನ ಕ್ಯಾಮೆರಾ ಆನ್ ಇರುವಾಗಲೇ ಫೋಕಸನ್ನು ಇನ್ಫಿನಿಟಿಗೆ (ಅತಿ ದೂರಕ್ಕೆ) ತಂದು ಒಳಗೆಳೆದುಕೊಂಡು ಆಮೇಲೆ ಆಫ್ ಮಾಡಿ. ಹಿಂದಿನ ಗಾಜು ಮೌಂಟಿನ ಅಂಚಿಗೆ ಬಹಳ ಸಮೀಪ ಇದೆ, ಲೆನ್ಸ್ ಬದಲಿಸುವಾಗ ಓರೆಯಾಗಿ ತೂರಿಸಿದರೆ ಗೀರು ಬೀಳುತ್ತದೆ.

ವ್ಯೂಫೈಂಡರಿನ ನಡುವಿನ ಫೋಕಸ್ ಪಾಯಿಂಟ್‌ನಲ್ಲಿ ಕಣ್ಣಿಗೆ ಫೋಕಸ್ ಹಿಡಿದು ಆಮೇಲೆ ಫ್ರೇಮ್ ಸರಿಸುವ ಅಭ್ಯಾಸ ಇದ್ದರೆ ಬಿಡಿ. 1.5 ಮೀಟರ್ ದೂರದಲ್ಲಿ ಕ್ಯಾಮೆರಾ 8 ಡಿಗ್ರಿ ತಿರುಗಿದರೆ ಫೋಕಸ್ ಕಣ್ಣಿನಿಂದ ಸುಮಾರು 1.5 ಸೆಂಮೀ ಹಿಂದಕ್ಕೆ ಜಾರುತ್ತದೆ. ಎಫ್ 1.8 ಅದನ್ನು ಕಷ್ಟಪಟ್ಟು ತಡೆದುಕೊಳ್ಳುತ್ತದೆ. ಎಫ್ 1.2ರಲ್ಲಿ ಕಣ್ಣು ಮಸುಕು, ಕಪಾಲದ ಕೂದಲು ಶಾರ್ಪ್. ಕಣ್ಣಿನ ಮೇಲೇ ಪಾಯಿಂಟ್ ಇಡಿ. ಡಿಎಸ್‌ಎಲ್‌ಆರ್‌ನ ವ್ಯೂಫೈಂಡರ್ ನಂಬಿ ಕೈಯಲ್ಲಿ ಫೋಕಸ್ ಮಾಡಲೂ ಹೋಗಬೇಡಿ, ಮಾಮೂಲಿ ಸ್ಕ್ರೀನ್ ತೋರಿಸುವ ಮಸುಕು ಸುಮಾರು ಎಫ್ 2.8ರದ್ದು. ಲೈವ್ ವ್ಯೂನಲ್ಲಿ (ಕ್ಯಾಮೆರಾದ ಹಿಂಬದಿಯ ಪರದೆಯಲ್ಲಿ) ಹಿಗ್ಗಿಸಿ ನೋಡಿ. ಕಣ್ಣು ಪತ್ತೆ ಹಚ್ಚುವ ಮಿರರ್‌ಲೆಸ್ ಇದ್ದರೆ ಈ ಗೋಳು ಬಹುಪಾಲು ತಪ್ಪುತ್ತದೆ.

ಬಿಸಿಲು ಇನ್ನೊಂದು ತೊಡಕು. ನಡುಬಿಸಿಲಲ್ಲಿ ಐಎಸ್‌ಒ 100 ಇಟ್ಟರೆ ಎಫ್ 1.8ಕ್ಕೆ ಬೇಕಾಗುವ ಶಟರ್ ವೇಗ 1/8000 ಸೆಕೆಂಡ್, ಸರಿಯಾಗಿ ದಡ ಸೇರುತ್ತದೆ. ಎಫ್ 1.2ಕ್ಕೆ ಸುಮಾರು 1/18000 ಬೇಕು, 1/8000ಕ್ಕೆ ನಿಲ್ಲುವ ಶಟರ್‌ಗೆ ಅದು ಆಗದು. ಎಲ್ ಲೆನ್ಸಿಗೆ 72 ಮಿಮೀ ಅಳತೆಯ, ಬೆಳಕನ್ನು ಎರಡು ಸ್ಟಾಪ್ (ಪ್ರತಿ ಸ್ಟಾಪಿಗೆ ಅರ್ಧದಷ್ಟು) ಕಡಿಮೆ ಮಾಡುವ ಎನ್‌ಡಿ ಫಿಲ್ಟರ್ ಚೀಲದಲ್ಲಿರಲಿ. ಕ್ಯಾಮೆರಾ 1/4000ಕ್ಕೇ ನಿಲ್ಲುವುದಾದರೆ ಮೂರು ಸ್ಟಾಪಿನದು ತೆಗೆದುಕೊಳ್ಳಿ. ಮಿರರ್‌ಲೆಸ್‌ನಲ್ಲಿ ಎಲೆಕ್ಟ್ರಾನಿಕ್ ಫಸ್ಟ್ ಕರ್ಟನ್ (ಶಟರಿನ ಮೊದಲ ಪರದೆಯ ಕೆಲಸವನ್ನು ಸೆನ್ಸರೇ ಮಾಡುವ ವಿಧಾನ) ಇಟ್ಟುಕೊಂಡು ಇಷ್ಟು ವೇಗಕ್ಕೆ ಹೋದರೆ ಹಿನ್ನೆಲೆಯ ಬಿಲ್ಲೆಗಳ ಒಂದು ಅಂಚು ಕತ್ತರಿಸಿದಂತೆ ಕಾಣುತ್ತದೆ. ಪೂರ್ತಿ ಮೆಕ್ಯಾನಿಕಲ್ ಶಟರ್‌ಗೆ ಬದಲಿಸಿ, ಸರಿಹೋಗುತ್ತದೆ.

ಎಫ್ 1.8ರ ದೊಡ್ಡ ದೋಷ ನೇರಳೆ ಅಂಚು. ಬಿಳಿ ಅಂಗಿಯ ಕಾಲರ್, ಮೂಗುತಿಯ ಹೊಳಪು, ಬೆಳಕಿಗೆ ಎದುರಾಗಿರುವ ಕೂದಲು, ಎಲ್ಲಕ್ಕೂ ನೇರಳೆ ಗೆರೆ ಬರುತ್ತದೆ. ಫೋಕಸಿನ ಹಿಂದೆ ಅದೇ ಹಸಿರು. ಎಫ್ 2.8ಕ್ಕೆ ಇಳಿಸಿದರೆ ಬಹುತೇಕ ಮಾಯ. ಎಲ್ ಲೆನ್ಸ್ ಕೂಡ ಈ ವಿಷಯದಲ್ಲಿ ಸಾಧುವಲ್ಲ, ಅಪರ್ಚರ್ ಪೂರ್ತಿ ತೆರೆದಾಗ ಅದಕ್ಕೂ ಬಣ್ಣದ ಅಂಚಿದೆ. ಆದರೆ ಅದರ ಅಪರ್ಚರಿನ ಎಂಟು ಬ್ಲೇಡ್‌ಗಳು ದುಂಡಗೆ ಮುಚ್ಚುವುದರಿಂದ ಅಪರ್ಚರ್ ಸ್ವಲ್ಪ ಇಳಿಸಿದರೂ ಬಿಲ್ಲೆ ಗುಂಡಗೇ ಇರುತ್ತದೆ. ಎಫ್ 1.8ರಲ್ಲೂ ಬ್ಲೇಡ್ ಎಂಟೇ, ಎಫ್ 2.8ಕ್ಕೆ ಬಂದರೆ ಎಂಟು ಮೂಲೆ ಎಣಿಸಬಹುದು.

ಸೆಕೆಂಡ್‌ಹ್ಯಾಂಡ್ ಎಲ್ ಲೆನ್ಸ್ ನೋಡುವಾಗ ಕ್ಯಾಮೆರಾಗೆ ಹಾಕಿ, ಆನ್ ಮಾಡಿ, 0.95 ಮೀಟರ್‌ನಿಂದ ಇನ್ಫಿನಿಟಿವರೆಗೆ ಆಟೋಫೋಕಸ್‌ನಲ್ಲಿ ನಾಲ್ಕೈದು ಸಲ ಓಡಿಸಿ. ನಡುವೆ ತಡವರಿಸಿದರೆ ಅಥವಾ ಕೈಯಲ್ಲಿ ರಿಂಗ್ ತಿರುಗಿಸಿದಾಗ ಗಾಜು ಬಿಟ್ಟುಬಿಟ್ಟು ಚಲಿಸಿದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ. ಮೋಟಾರ್ ಕೈಕೊಟ್ಟರೆ ಈ ಲೆನ್ಸಿನಲ್ಲಿ ಮ್ಯಾನುಯಲ್ ಫೋಕಸ್ ಕೂಡ ಉಳಿಯುವುದಿಲ್ಲ.