ಎಫ್‌ಪಿಎಲ್‌ನಲ್ಲಿ ಗೆಳೆಯರ ಲೀಗ್ ನಡೆಸುವುದು: ಐದು ವರ್ಷದ ಅಡ್ಮಿನ್ ಬರೆದ ವಿಮರ್ಶೆ

ಇಂಗ್ಲೆಂಡಿನ ಫುಟ್ಬಾಲ್ ಲೀಗಾದ ಪ್ರೀಮಿಯರ್ ಲೀಗಿನವರೇ ನಡೆಸುವ ಫ್ಯಾಂಟಸಿ ಆಟ ಇದೆಯಲ್ಲ, ಫ್ಯಾಂಟಸಿ ಪ್ರೀಮಿಯರ್ ಲೀಗ್, ಎಲ್ಲರೂ ಎಫ್‌ಪಿಎಲ್ ಅನ್ನುವುದು, ಅದರಲ್ಲಿ ನಮ್ಮ 12 ಜನರ ಲೀಗಿಗೆ ಐದು ವರ್ಷದಿಂದ ನಾನೇ ಅಡ್ಮಿನ್. ಬೆಂಗಳೂರಿನಲ್ಲಿ ಏಳು ಜನ ಇದ್ದೇವೆ, ಮಂಗಳೂರಿನಲ್ಲಿ ಇಬ್ಬರು, ಹುಬ್ಬಳ್ಳಿಯಲ್ಲಿ ಒಬ್ಬ, ಕೆಲಸಕ್ಕೆ ಅಂತ ಡಬ್ಲಿನ್‌ಗೆ ಹೋದವನು ಒಬ್ಬ, ಜೊತೆಗೆ ನಮ್ಮ ಅಕ್ಕನ ಮಗ. ಯಾರನ್ನು ಕೊಳ್ಳಬೇಕು, ಯಾರನ್ನು ಮಾರಬೇಕು ಅಂತ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಲೀಗ್ ನಡೆಸುವವರ ಕಡೆಯಿಂದ ನೋಡಿದರೆ ಇದು ಹೇಗಿದೆ ಅಂತ ಹೇಳಿದವರು ನನಗೆ ಸಿಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. ನಿಜವಾದ ಆಟಗಾರರನ್ನು ಆರಿಸಿ ನಮ್ಮದೇ ಟೀಮ್ ಕಟ್ಟುವುದು, ಅವರು ಪಂದ್ಯದಲ್ಲಿ ಹೇಗೆ ಆಡುತ್ತಾರೋ ಅದರ ಮೇಲೆ ನಮಗೆ ಅಂಕ. ಆಟ ಶುರುವಾಗಿದ್ದು 2002-03ರಲ್ಲಿ. ಪೂರ್ತಿ ಉಚಿತ. ಲೆಕ್ಕಕ್ಕೆ 10 ಕೋಟಿ ಪೌಂಡ್ ಕೊಡುತ್ತಾರೆ, ಅಷ್ಟರಲ್ಲಿ 15 ಜನರನ್ನು ಕೊಳ್ಳಬೇಕು: 2 ಗೋಲ್‌ಕೀಪರ್, 5 ಡಿಫೆಂಡರ್, 5 ಮಿಡ್‌ಫೀಲ್ಡರ್, 3 ಫಾರ್ವರ್ಡ್. ಒಂದೇ ಕ್ಲಬ್ಬಿನಿಂದ ಮೂವರಿಗಿಂತ ಜಾಸ್ತಿ ತಗೊಳ್ಳುವಂತಿಲ್ಲ. ವಾರಕ್ಕೆ ಒಂದು ಟ್ರಾನ್ಸ್‌ಫರ್, ಅಂದರೆ ಒಬ್ಬನನ್ನು ಮಾರಿ ಇನ್ನೊಬ್ಬನನ್ನು ಕೊಳ್ಳುವುದು, ಉಚಿತ, ಅದರ ಮೇಲೆ ಒಂದೊಂದಕ್ಕೂ 4 ಅಂಕ ಕಡಿತ. ಅದನ್ನೇ ಹಿಟ್ ಅನ್ನುವುದು. ಕ್ಯಾಪ್ಟನ್ ಗಳಿಸಿದ ಅಂಕ ಡಬಲ್. ಆಗಸ್ಟಿನಿಂದ ಮೇ ತನಕ 38 ವಾರ, ಒಂದು ಸುತ್ತಿನ ಪಂದ್ಯಗಳಿಗೆ ಒಂದು ವಾರ ಅಂತ ಲೆಕ್ಕ.

ಲೀಗ್ ಮಾಡುವುದು ಎರಡು ನಿಮಿಷದ ಕೆಲಸ. ಹೆಸರು ಕೊಟ್ಟರೆ ಕೋಡ್ ಬರುತ್ತದೆ, ವಾಟ್ಸಾಪ್ ಗುಂಪಿಗೆ ಹಾಕಿದರೆ ರಾತ್ರಿಯೊಳಗೆ ಎಲ್ಲರೂ ಸೇರಿಕೊಂಡಿರುತ್ತಾರೆ. ಅಂಕ ಅದೇ ಕೂಡಿಸುತ್ತದೆ, ಪಟ್ಟಿ ಅದೇ ಹಾಕುತ್ತದೆ. ಡೆಡ್‌ಲೈನ್ ಮುಗಿಯುವ ತನಕ ಯಾರ ಟೀಮ್ ಬದಲಾವಣೆಯೂ ಯಾರಿಗೂ ಕಾಣುವುದಿಲ್ಲ, ಮುಗಿದ ಮೇಲೆ ಎಲ್ಲರದೂ ಎಲ್ಲರಿಗೂ ಕಾಣುತ್ತದೆ. ಇದು ನನಗೆ ತುಂಬಾ ಇಷ್ಟ, ಜಗಳಕ್ಕೆ ಜಾಗವೇ ಇರುವುದಿಲ್ಲ. ಆದರೆ ಅಡ್ಮಿನ್ ಕೈಯಲ್ಲಿ ಏನಿದೆ ಅಂತ ಕೇಳಿದರೆ, ಹೆಚ್ಚೇನಿಲ್ಲ. ಒಟ್ಟು ಅಂಕ ನೋಡುವ ಕ್ಲಾಸಿಕ್ ಲೀಗೋ, ವಾರಕ್ಕೊಬ್ಬರ ಎದುರು ಆಡುವ ಹೆಡ್-ಟು-ಹೆಡ್ ಲೀಗೋ ಅಂತ ಆರಿಸಬಹುದು, ಯಾವ ವಾರದಿಂದ ಅಂಕ ಎಣಿಸಬೇಕು ಅಂತ ಹೇಳಬಹುದು, ಬೇಡವಾದವರನ್ನು ತೆಗೆಯಬಹುದು. ಅಂಕದ ನಿಯಮ ಒಂದನ್ನೂ ಮುಟ್ಟುವ ಹಾಗಿಲ್ಲ.

ಮೊದಲ ಎರಡು ವರ್ಷ ಇದರಿಂದ ನಮಗೆ ತೊಂದರೆ ಆಯಿತು ಅಂತಲೂ ಅನ್ನಿಸಿರಲಿಲ್ಲ. ಮೂರನೇ ವರ್ಷದ ಜನವರಿ ಬಂದಾಗ ಗೊತ್ತಾಯಿತು. ಆಗಸ್ಟಿನಲ್ಲಿ ದಿನಕ್ಕೆ ನೂರು ಮೆಸೇಜ್ ಬರುತ್ತಿದ್ದ ಗುಂಪಿನಲ್ಲಿ ಸಂಕ್ರಾಂತಿ ಹೊತ್ತಿಗೆ ನಾಲ್ಕೇ ಜನ ಮಾತಾಡುತ್ತಿದ್ದರು. ಮೊದಲ ನಾಲ್ಕು ಸ್ಥಾನದಲ್ಲಿದ್ದವರು. ಉಳಿದವರ ಟೀಮ್ ತೆರೆದು ನೋಡಿದರೆ, ತಿಂಗಳ ಹಿಂದೆ ಮೊಣಕಾಲು ಪೆಟ್ಟಾಗಿ ಮನೆಗೆ ಹೋದವನು ಇನ್ನೂ ಕ್ಯಾಪ್ಟನ್ ಆಗಿಯೇ ಇದ್ದಾನೆ!

ಸುಮ್ನೆ ಬೈದರೆ ಏನು ಬಂತು. ಹತ್ತನೇ ಸ್ಥಾನದಲ್ಲಿ 180 ಅಂಕ ಹಿಂದೆ ಇರುವವನು ಶನಿವಾರ ಮಧ್ಯಾಹ್ನ ಯಾಕೆ ಟೀಮ್ ನೋಡಬೇಕು ಹೇಳಿ? ಕ್ಲಾಸಿಕ್ ಲೀಗಿನಲ್ಲಿ ಹಿಂದೆ ಬಿದ್ದರೆ ಮೇಲೆ ಬರುವುದು ನಿಜಕ್ಕೂ ಕಷ್ಟ. ಒಳ್ಳೆಯ ಆಟಗಾರ ಎಲ್ಲರ ಹತ್ತಿರವೂ ಇರುತ್ತಾನೆ. 2024-25ರಲ್ಲಿ ಲಿವರ್‌ಪೂಲಿನ ಮೊಹಮದ್ ಸಲಾ 29 ಗೋಲು, 18 ಅಸಿಸ್ಟ್ (ಗೋಲಿಗೆ ಕೊಟ್ಟ ಪಾಸ್) ಮಾಡಿ 344 ಫ್ಯಾಂಟಸಿ ಅಂಕ ತಂದರು, ಅದು ಎಫ್‌ಪಿಎಲ್ ದಾಖಲೆ. ನಮ್ಮ ಲೀಗಿನಲ್ಲಿ ಹೆಚ್ಚುಕಮ್ಮಿ ಎಲ್ಲರಿಗೂ ವಾರ ವಾರವೂ ಅವರೇ ಕ್ಯಾಪ್ಟನ್. ಅವರು ಎರಡು ಗೋಲು ಹೊಡೆದರೆ ಎಲ್ಲರಿಗೂ ಸಂತೋಷ, ಆದರೆ ಮುಂದಿರುವವನಿಗೂ ಅಷ್ಟೇ ಅಂಕ, ಹಿಂದಿರುವವನಿಗೂ ಅಷ್ಟೇ ಅಂಕ. ಅಂತರ ಇದ್ದ ಹಾಗೇ ಇರುತ್ತದೆ.

ಅದಕ್ಕೆ ನಾನು ಒಂದು ನಿಯಮ ತಂದೆ. ಒಬ್ಬನೇ ಆಟಗಾರನನ್ನು ಸತತ ಮೂರು ವಾರಕ್ಕಿಂತ ಜಾಸ್ತಿ ಕ್ಯಾಪ್ಟನ್ ಮಾಡಿದರೆ, ನಾಲ್ಕನೇ ವಾರ ಡಬಲ್ ಆದ ಭಾಗವನ್ನು, ಲೀಗಿನ ಅಂಕ ನಾವೇ ಬರೆದಿಡುವ ಶೀಟಿನಲ್ಲಿ ಕಳೆಯುವುದು. ಕಾಗದದ ಮೇಲೆ ಚೆನ್ನಾಗಿಯೇ ಕಾಣುತ್ತಿತ್ತು. ನಡೆಸಿ ನೋಡಿದರೆ ಕೆಟ್ಟ ನಿಯಮ. ಸರಿಯಾದ ನಿರ್ಧಾರ ತಗೊಂಡವರಿಗೇ ಅದು ಶಿಕ್ಷೆ ಕೊಡುತ್ತಿತ್ತು, ಮತ್ತೆ ಆಪ್ ತೋರಿಸುವ ಅಂಕಕ್ಕೂ ನಮ್ಮ ಶೀಟಿನ ಅಂಕಕ್ಕೂ ತಾಳೆಯೇ ಆಗದೆ ಹೊಸಬರು ಗೊಂದಲಕ್ಕೆ ಬಿದ್ದರು. ನಡುವೆ ಬದಲಿಸಬಾರದು ಅಂತ ವರ್ಷ ಮುಗಿಯುವ ತನಕ ಎಳೆದೆವು, ಆಮೇಲೆ ಕೈಬಿಟ್ಟೆವು. ಆಟದ ಒಳಗಿನ ಅಂಕಕ್ಕೆ ಕೈ ಹಾಕಬೇಡಿ, ಅದು ಕೊಟ್ಟ ಅಂಕವನ್ನು ಹೇಗೆ ಎಣಿಸಬೇಕು ಅನ್ನುವುದನ್ನು ಮಾತ್ರ ಬದಲಿಸಿ. ಅವತ್ತಿನಿಂದ ನಾನು ಹಿಡಿದಿರುವ ದಾರಿ ಇದು.

ನಮ್ಮಲ್ಲಿ ನಿಜಕ್ಕೂ ಕೆಲಸ ಮಾಡಿದ್ದು ಹಂತದ ನಿಯಮ. ಆಪ್‌ನಲ್ಲಿ ತಿಂಗಳ ಪಟ್ಟಿ ನೋಡುವ ಸೌಲಭ್ಯ ಇದೆ, ಆದರೆ ತಿಂಗಳುಗಳು ಸಮ ಇರಲ್ಲ. ಸೆಪ್ಟೆಂಬರ್, ಅಕ್ಟೋಬರ್, ನವೆಂಬರಿನಲ್ಲಿ ದೇಶಗಳ ಪಂದ್ಯಕ್ಕೆ ಅಂತ ಬಿಡುವು ಬರುತ್ತದೆ, ಡಿಸೆಂಬರಿನಲ್ಲಿ ಉಸಿರಾಡಲೂ ಬಿಡದ ಹಾಗೆ ಪಂದ್ಯ. ಮೂರು ವಾರದ ತಿಂಗಳಿಗೂ ಆರು ವಾರದ ತಿಂಗಳಿಗೂ ಒಂದೇ ಬಹುಮಾನ ಅಂದರೆ ನ್ಯಾಯ ಅನ್ನಿಸಲಿಲ್ಲ. ಹಾಗಾಗಿ 38 ವಾರವನ್ನು ಆರು ತುಂಡು ಮಾಡಿದೆವು: 6, 6, 7, ಮತ್ತೆ 6, 6, 7. ಪ್ರತಿ ಹಂತದ ಶುರುವಿನಲ್ಲಿ ಎಲ್ಲರೂ ಸೊನ್ನೆ. ಹಂತ ಗೆದ್ದವರಿಗೆ ಗಾಂಧಿ ಬಜಾರಿನಲ್ಲಿ ಮಸಾಲೆ ದೋಸೆ, ಕಾಫಿ. ವರ್ಷದ ಪಟ್ಟಿ ಅದರ ಪಾಡಿಗೆ ಅದು ನಡೆಯುತ್ತದೆ.

ನಾನು ಮೇಲೆ ಹೇಳಿದ 180 ಅಂಕ ಹಿಂದಿನವನು ನಮ್ಮ ಅಕ್ಕನ ಮಗನೇ. ಹಂತ ತಂದ ಮೊದಲ ವರ್ಷ ಅವನು ಮತ್ತೆ ಹತ್ತನೇ ಸ್ಥಾನದಲ್ಲಿದ್ದ. ನಾಲ್ಕನೇ ಹಂತದ ಕೊನೇ ವಾರ ಬೆಂಚ್ ಬೂಸ್ಟ್ ಆಡಿದ, ಅಂದರೆ ಹೊರಗೆ ಕೂತ ನಾಲ್ವರ ಅಂಕವೂ ಸೇರುವ ಚಿಪ್. ಚಿಪ್ ಅಂದರೆ ಆಟದಲ್ಲಿ ಕೊಡುವ ವಿಶೇಷ ಸೌಲಭ್ಯ. ನಾಲ್ಕು ಅಂಕದಿಂದ ಆ ಹಂತ ಗೆದ್ದ. ಪಂದ್ಯ ಮುಗಿದಾಗ ನಮಗೆ ನಡುರಾತ್ರಿ ದಾಟಿತ್ತು. "ಮಾವ, ಬೋನಸ್ ಅಂಕ ಹಾಕಿದ್ರಾ?" ಅಂತ ಮೆಸೇಜು! ಬೆಳಿಗ್ಗೆ ಎದ್ದು ನೋಡಿದರೆ ಅಂಥವು ಏಳು ಇದ್ದವು. ಈಗ ಲೀಗಿನಲ್ಲಿ ಅವನಷ್ಟು ಶ್ರದ್ಧೆಯಿಂದ ಟೀಮ್ ನೋಡುವವರು ಯಾರೂ ಇಲ್ಲ.

ಇನ್ನೊಂದು ಜಗಳ ನಾನೇ ಮಾಡಿಟ್ಟದ್ದು. ವಾರದ ಗೆಲುವು ಎಣಿಸುವಾಗ ಹಿಟ್ ಕಳೆಯಬೇಕು ಅಂತ ಮೊದಲೇ ಬರೆದಿರಲಿಲ್ಲ. ಪ್ರತಿಯೊಬ್ಬರ ಹಿಂದಿನ ವಾರಗಳ ಪಟ್ಟಿಯಲ್ಲಿ ಗಳಿಸಿದ ಅಂಕ ಒಂದು ಕಾಲಂ, ಟ್ರಾನ್ಸ್‌ಫರಿಗೆ ಕಳೆದ ಅಂಕ ಬೇರೆ ಕಾಲಂ. ಒಬ್ಬ 87 ಗಳಿಸಿದ್ದ, ನಾನು ಅವನನ್ನೇ ಗೆದ್ದವನು ಅಂತ ಹಾಕಿದೆ. ಮಂಗಳೂರಿನವನು 81. "ಮಾರಾಯ, ಅವ ಮೂರು ಹಿಟ್ ತಗೊಂಡಿದ್ದಾನೆ, ನೋಡಿದ್ಯಾ?" ಅಂದ. 87ರಲ್ಲಿ 12 ಕಳೆದರೆ 75. ಅವನು ಹೇಳಿದ್ದೇ ಸರಿ. ಅವತ್ತೇ ತಿದ್ದಿ, ಗುಂಪಿನಲ್ಲಿ ಎಲ್ಲರೆದುರು ಒಪ್ಪಿಕೊಂಡೆ. ನೀವು ಶೀಟ್ ಇಡುವುದಾದರೆ ಆ ಎರಡನೇ ಕಾಲಂ ಮರೆಯಬೇಡಿ. ಸಮ ಅಂಕ ಬಂದರೆ ಏನು ಅನ್ನುವುದನ್ನೂ ಮೊದಲೇ ಬರೆದಿಡಿ. ಆಟದ ನಿಯಮದಲ್ಲಿ ಕಡಿಮೆ ಟ್ರಾನ್ಸ್‌ಫರ್ ಮಾಡಿದವರು ಮೇಲೆ, ನಾವೂ ಅದನ್ನೇ ಇಟ್ಟುಕೊಂಡಿದ್ದೇವೆ.

ಹೆಡ್-ಟು-ಹೆಡ್ ಲೀಗನ್ನು ಜೊತೆಗೇ ನಡೆಸುತ್ತೇವೆ. ವಾರಕ್ಕೊಬ್ಬ ಎದುರಾಳಿ, ಗೆದ್ದರೆ 3, ಸಮ ಆದರೆ 1. ಮಜಾ ಇದರಲ್ಲೇ ಜಾಸ್ತಿ, ಅನ್ಯಾಯವೂ ಇದರಲ್ಲೇ ಜಾಸ್ತಿ. 74 ಅಂಕ ತಂದು ಇಡೀ ಲೀಗಿಗೆ ಎರಡನೆಯವನಾದವನು 76 ತಂದವನ ಎದುರು ಸೋಲುತ್ತಾನೆ, ಅದೇ ವಾರ 41 ತಂದವನು 38ರ ಎದುರು ಗೆದ್ದು ಮೂರು ಅಂಕ ಜೇಬಿಗೆ ಹಾಕಿಕೊಳ್ಳುತ್ತಾನೆ. 12 ಜನರ ಲೀಗಿನಲ್ಲಿ 38 ವಾರ ಸಮನಾಗಿ ಭಾಗವಾಗುವುದೂ ಇಲ್ಲ, ಐದು ಜನರ ಜೊತೆ ನಾಲ್ಕು ಸಲ ಆಡಬೇಕು, ಆರು ಜನರ ಜೊತೆ ಮೂರೇ ಸಲ. ಇದಕ್ಕೆ ನಾವು ಕಂಡುಕೊಂಡ ದಾರಿ: ಆ ವಾರ ಹೆಚ್ಚು ಅಂಕ ತಂದ ಮೊದಲ ಆರು ಜನರಿಗೆ, ಎದುರಾಳಿ ಜೊತೆ ಗೆಲ್ಲಲಿ ಸೋಲಲಿ, ಇನ್ನೊಂದು 3 ಅಂಕ. 74ರವನು ಸೋತರೂ ಬರಿಗೈಲಿ ಹೋಗಲ್ಲ. 41ರವನಿಗೆ ಗೆಲುವಿನ 3 ಮಾತ್ರ. ಎರಡು ವರ್ಷದಿಂದ ಈ ನಿಯಮ ಇದೆ, ಒಬ್ಬರೂ ಬೇಡ ಅಂದಿಲ್ಲ.

ಬಿಟ್ಟುಹೋದ ಟೀಮ್‌ಗಳದ್ದು ಬೇರೆ ಕಥೆ. ಹೆಡ್-ಟು-ಹೆಡ್‌ನಲ್ಲಿ ಅಂಥ ಟೀಮ್ ಎದುರು ಬಂದವರಿಗೆ ಪುಕ್ಕಟೆ ಗೆಲುವು. ಒಂದು ಸಲ ಹುಬ್ಬಳ್ಳಿ ಗೆಳೆಯ ಮೂರು ವಾರ ಟೀಮ್ ಮುಟ್ಟಿರಲಿಲ್ಲ, ಗುಂಪಿನಲ್ಲಿ ಎಲ್ಲರೂ ಅವನನ್ನು ತೆಗೆದುಹಾಕು ಅಂತ ಕೂತಿದ್ದರು. ತೆಗೆಯುವ ಮುಂಚೆ ಒಂದು ಮಾತು ಕೇಳೋಣ ಅಂತ ಫೋನ್ ಮಾಡಿದೆ. "ಅಪ್ಪಾಜಿ ದವಾಖಾನ್ಯಾಗ ಅದಾರಪ್ಪಾ, ಟೀಮ್ ಕಡೆ ಲಕ್ಷ್ಯನ ಇಲ್ಲ" ಅಂದ. ಹಿಂದೆ ಆಸ್ಪತ್ರೆ ವರಾಂಡದ ಸದ್ದು ಕೇಳಿಸುತ್ತಿತ್ತು. ಅವತ್ತು ರಾತ್ರಿಯೇ ನಿಯಮ ಬರೆದೆ. ಎರಡು ವಾರ ಟೀಮ್ ಅಲುಗಾಡದಿದ್ದರೆ ಅಡ್ಮಿನ್ ಫೋನ್ ಮಾಡಬೇಕು, ಮೆಸೇಜ್ ಅಲ್ಲ, ಫೋನ್. ಕಾರಣ ಇದ್ದರೆ ರಜೆ. ರಜೆಯ ವಾರಗಳಲ್ಲಿ ಅವರಿಗೆ ಲೀಗಿನ ಸರಾಸರಿ ಅಂಕ. ಬೆಸ ಸಂಖ್ಯೆಯ ಹೆಡ್-ಟು-ಹೆಡ್ ಲೀಗಿನಲ್ಲಿ ಜೊತೆ ಇಲ್ಲದವರಿಗೆ ಸರಾಸರಿ ಟೀಮನ್ನು ಎದುರಾಳಿಯಾಗಿ ಕೊಡುವ ಪದ್ಧತಿ ಆಟದಲ್ಲೇ ಇದೆ, ಅಲ್ಲಿಂದ ಬಂದ ಯೋಚನೆ ಅದು. ಹೊಸ ನಿಯಮವನ್ನು ವರ್ಷದ ನಡುವೆ ತಂದದ್ದು ಅದೊಂದೇ ಸಲ. ಅವರ ತಂದೆ ಹುಷಾರಾಗಿ ಮನೆಗೆ ಬಂದರು, ಅವನು ಮಾರ್ಚಿನಲ್ಲಿ ವಾಪಸ್ ಬಂದು ಆಡಿದ.

ಡೆಡ್‌ಲೈನ್ ವಿಷಯದಲ್ಲಿ ನಮ್ಮ ದೇಶದಲ್ಲಿರುವವರು ಎಚ್ಚರ ಇರಬೇಕು. ಆ ವಾರದ ಮೊದಲ ಪಂದ್ಯಕ್ಕೆ 90 ನಿಮಿಷ ಮುಂಚೆ ಬಾಗಿಲು ಮುಚ್ಚುತ್ತದೆ. ಶನಿವಾರ ಅಲ್ಲಿ ಮಧ್ಯಾಹ್ನ 12:30ರ ಪಂದ್ಯ ಇದ್ದರೆ ಚಳಿಗಾಲದಲ್ಲಿ ನಮಗೆ ಡೆಡ್‌ಲೈನ್ ಸಂಜೆ 4:30. ಮಾರ್ಚಿನ ಕೊನೇ ಭಾನುವಾರ ಇಂಗ್ಲೆಂಡಿನಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ಆಮೇಲೆ ನಮಗೆ ಅದೇ 3:30. ಐದು ತಿಂಗಳು ನಾಲ್ಕೂವರೆಗೆ ಒಗ್ಗಿಕೊಂಡವರು ಏಪ್ರಿಲ್ ಮೊದಲ ಶನಿವಾರ ನಾಲ್ಕಕ್ಕೆ ಟೀಮ್ ತೆರೆಯುತ್ತಾರೆ. ನಮ್ಮಲ್ಲಿ ಒಂದೇ ದಿನ ಮೂವರಿಗೆ ಹೀಗಾಯಿತು. ಶುಕ್ರವಾರ ಅಲ್ಲಿ ರಾತ್ರಿ ಎಂಟರ ಪಂದ್ಯ ಇದ್ದರಂತೂ ಡೆಡ್‌ಲೈನೇ ನಮಗೆ ರಾತ್ರಿ 11 ಅಥವಾ 12ಕ್ಕೆ. ಈಗ ಗುರುವಾರ ರಾತ್ರಿ ಗುಂಪಿನಲ್ಲಿ ನಮ್ಮ ಸಮಯ ಬರೆದು ಪಿನ್ ಮಾಡುವುದು ಅಡ್ಮಿನ್ ಕರ್ತವ್ಯ ಅಂತ ನಿಯಮದಲ್ಲೇ ಇದೆ.

ಆಟದವರು ತಾವಾಗಿಯೇ ಮಾಡಿದ ಬದಲಾವಣೆಗಳಲ್ಲಿ ನನಗೆ ತುಂಬಾ ಹಿಡಿಸಿದ್ದು 2025-26ರಲ್ಲಿ ಬಂದ ಡಿಫೆನ್ಸ್ ಅಂಕ. ಡಿಫೆಂಡರ್ ಒಂದು ಪಂದ್ಯದಲ್ಲಿ ಕ್ಲಿಯರೆನ್ಸ್, ಬ್ಲಾಕ್, ಇಂಟರ್‌ಸೆಪ್ಷನ್, ಟ್ಯಾಕಲ್, ಅಂದರೆ ಎದುರಾಳಿಯನ್ನು ತಡೆಯುವ ಕೆಲಸಗಳು, ಎಲ್ಲಾ ಸೇರಿ 10 ಮಾಡಿದರೆ 2 ಅಂಕ. ಮುಂದೆ ಆಡುವವರಿಗೆ 12 ಬೇಕು, ಅವರಿಗೆ ಚೆಂಡು ಮರಳಿ ಗಳಿಸಿದ್ದೂ ಸೇರುತ್ತದೆ. ಮೊದಲೆಲ್ಲ ತೊಂಬತ್ತು ನಿಮಿಷ ತಲೆ ಕೊಟ್ಟು ಚೆಂಡು ತಡೆದವನ ತಂಡ ಕೊನೇ ನಿಮಿಷದಲ್ಲಿ ಒಂದು ಗೋಲು ಬಿಟ್ಟರೆ ಕ್ಲೀನ್ ಶೀಟಿನ, ಅಂದರೆ ಗೋಲು ಬಿಡದಿದ್ದಕ್ಕೆ ಸಿಗುವ 4 ಅಂಕ ಹೋಗಿ, ಆಡಿದ್ದಕ್ಕೆ ಸಿಗುವ ಎರಡು ಮಾತ್ರ ಉಳಿಯುತ್ತಿತ್ತು. ಈಗ ಅವನ ದುಡಿಮೆಗೂ ಬೆಲೆ ಬಂದಿದೆ. ಅದೇ ವರ್ಷ ಎಲ್ಲಾ ಚಿಪ್‌ಗಳನ್ನೂ ಎರಡೆರಡು ಸಲ ಕೊಟ್ಟರು, ಮೊದಲ ಸೆಟ್ 19ನೇ ವಾರದ ಡೆಡ್‌ಲೈನ್ ಒಳಗೆ ಮುಗಿಸಬೇಕಿತ್ತು. ನಮ್ಮ ಹಂತಗಳು 19ಕ್ಕೇ ಅರ್ಧ ಆಗುತ್ತವಲ್ಲ, ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ಅದರ ಹಿಂದಿನ ವರ್ಷ ತಂದಿದ್ದ ಅಸಿಸ್ಟೆಂಟ್ ಮ್ಯಾನೇಜರ್ ಚಿಪ್ ನನಗೆ ಇಷ್ಟವಾಗಲಿಲ್ಲ, ಹೊಸಬರಿಗೆ ಅರ್ಥ ಮಾಡಿಸುವುದೇ ಒಂದು ಕೆಲಸ ಆಗಿತ್ತು. ಒಂದೇ ವರ್ಷಕ್ಕೆ ತೆಗೆದರು, ಒಳ್ಳೆಯದೇ ಆಯಿತು.

ಡ್ರಾಫ್ಟ್ ಬಗ್ಗೆಯೂ ಕೇಳುತ್ತಾರೆ. ಅದು ಇವರದೇ ಇನ್ನೊಂದು ಆಟ, 2017-18ರಿಂದ ಇದೆ. ಅದರಲ್ಲಿ ಒಬ್ಬ ಆಟಗಾರ ಲೀಗಿನಲ್ಲಿ ಒಬ್ಬರಿಗೆ ಮಾತ್ರ. ಸರದಿಯಲ್ಲಿ ಆರಿಸುತ್ತಾ ಹೋಗಬೇಕು, ಮೊದಲ ಸುತ್ತಿನಲ್ಲಿ ಕೊನೆಗೆ ಆರಿಸಿದವನು ಎರಡನೇ ಸುತ್ತಿನಲ್ಲಿ ಮೊದಲು. ಬಜೆಟ್ ಇಲ್ಲ, ಕ್ಯಾಪ್ಟನ್ ಇಲ್ಲ. ಎಂಟು ಜನ ಒಂದು ವರ್ಷ ಆಡಿದೆವು. ಎಲ್ಲರ ಟೀಮ್ ಒಂದೇ ಥರ ಆಗುವ ರೋಗಕ್ಕೆ ಇದೇ ಮದ್ದು. ಆದರೆ 120 ಆಟಗಾರರ ಹೆಸರಾದರೂ ಗೊತ್ತಿರಬೇಕು, ಎಲ್ಲರೂ ಒಂದೇ ಹೊತ್ತಿಗೆ ಕೂರಬೇಕು. ಡಬ್ಲಿನ್‌ನವನು ಆಫೀಸಿನಿಂದ ಬರುವ ಹೊತ್ತಿಗೆ ಇಲ್ಲಿ ರಾತ್ರಿ ಹನ್ನೊಂದಾಗಿತ್ತು. ಫುಟ್ಬಾಲ್ ಚೆನ್ನಾಗಿ ನೋಡುವ ಆರೆಂಟು ಜನ ಇದ್ದರೆ ಖಂಡಿತ ಆಡಿ, ಹೊಸಬರು ಇದ್ದರೆ ಮಾಮೂಲಿ ಆಟವೇ ಸರಿ.

ದುಡ್ಡು ಹಾಕಿ ಆಡೋಣ ಅಂತ ಪ್ರತಿ ಆಗಸ್ಟಿನಲ್ಲೂ ಯಾರಾದರೂ ಒಬ್ಬರು ಕೇಳುತ್ತಾರೆ. ನಾನು ಒಪ್ಪಲ್ಲ. 2025ರ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನ್ ಹಣದ ಆಟಗಳನ್ನು ನಿಷೇಧಿಸುವ ಕಾನೂನು ಮಾಡಿದ್ದು ಒಂದು ಕಡೆ ಇರಲಿ, ದುಡ್ಡು ಬಂದರೆ ಮಂಗಳೂರಿನವನು ಹಿಟ್ ಬಗ್ಗೆ ಕೇಳಿದಂಥ ಮಾತು ಅಷ್ಟು ಸಲೀಸಾಗಿ ಮುಗಿಯುವುದಿಲ್ಲ. ದೋಸೆ ಸಾಕು.

ಅಂಕ ಕೊಡಿ ಅಂದರೆ, ಆಡುವವನಾಗಿ ಐದಕ್ಕೆ ಐದು, ಅಡ್ಮಿನ್ ಆಗಿ ಮೂರೂವರೆ. ಮಂಗಳವಾರ ರಾತ್ರಿ ಊಟ ಆದ ಮೇಲೆ 12 ಜನರ ಅಂಕ, ಹಿಟ್, ಮೇಲಿನ ಆರು, ಹಂತದ ಮೊತ್ತ ಎಲ್ಲಾ ಶೀಟಿಗೆ ಇಳಿಸಲು ನನಗೆ ಮುಕ್ಕಾಲು ಗಂಟೆ ಬೇಕು. ಯಾವ ವಾರದಿಂದ ಯಾವ ವಾರದ ತನಕ ಒಂದು ಹಂತ ಅಂತ ಅಡ್ಮಿನ್‌ಗೆ ಆರಿಸಲು ಬಿಟ್ಟರೆ ಅರ್ಧ ಕೆಲಸ ಕಮ್ಮಿ. ಅಲ್ಲಿ ತನಕ ನನ್ನ ಶೀಟ್ ಇದ್ದೇ ಇರುತ್ತದೆ, ಬೇಕಾದವರು ಕೇಳಿ, ಕಳಿಸುತ್ತೇನೆ. ಹಿಟ್ ಕಾಲಂ ಸೇರಿಸಿಯೇ.