‘ಸೇವ್ ಆದಾಗ’ ಅಂತ ರೂಲ್ ಬರೆಯುವ ಮುಂಚೆ ನನ್ನ ಕತೆ ಕೇಳಿ

ವೆಬ್‌ಸೈಟ್ ಕಟ್ಟುವ ವರ್ಡ್‌ಪ್ರೆಸ್ಸಿನಲ್ಲಿ ‘ಇದಾದಾಗ ಅದಾಗಲಿ’ ಅಂತ ಸ್ವಂತ ರೂಲ್ ಬರೆಯಲು ಕೂತಿದ್ದೀರಾ? ಒಂದೇ ಮಧ್ಯಾಹ್ನ ಹತ್ತು ಸಾವಿರ ಎಸ್ಸೆಮ್ಮೆಸ್ ನೀರಿಗೆ ಹಾಕಿದವನ ಮಾತು ಕೇಳಿ.

ಸಾಗರದ ಕಡೆಯ ಅಡಿಕೆ ಬೆಳೆಗಾರರ ಗುಂಪೊಂದಕ್ಕೆ ವೆಬ್‌ಸೈಟ್ ಮಾಡಿಕೊಟ್ಟಿದ್ದೆ. ಆಫೀಸಿನ ಅಕ್ಕ ದಿನಾ ಶಿವಮೊಗ್ಗದ ರಾಶಿ, ಬೆಟ್ಟೆ, ಸರಕು, ಗೊರಬಲು ಬಗೆಯ ಅಡಿಕೆಯ ದರ ಹಾಕುತ್ತಾರೆ. ಹಾಕಿದ ಕೂಡಲೇ 212 ಸದಸ್ಯರಿಗೆ ಮೆಸೇಜ್ ಹೋಗಬೇಕು. ನಾನು ‘ಸೇವ್_ಪೋಸ್ಟ್’ ಹುಕ್‌ಗೆ, ಅಂದರೆ ಪೋಸ್ಟ್ ಉಳಿಸಿದಾಗ ನಮ್ಮ ಕೋಡ್ ಓಡಿಸಲು ವರ್ಡ್‌ಪ್ರೆಸ್ ಇಟ್ಟ ಕೊಕ್ಕೆಗೆ, ರೂಲ್ ಕಟ್ಟಿದೆ. ಪೋಸ್ಟ್ ಖಾಲಿ ಇರಬಾರದು, ಅದೊಂದೇ ಷರತ್ತು. ಸೇವ್ ಅಂದರೆ ಪಬ್ಲಿಶ್ ಅಂತಲೇ ನನ್ನ ತಲೆಯಲ್ಲಿತ್ತು.

ಆ ಹುಕ್ ಕರಡು ಉಳಿಸಿದರೂ ಓಡುತ್ತದೆ, ಹಳೇ ಆವೃತ್ತಿ ತೆಗೆದಿಡುವಾಗಲೂ ಓಡುತ್ತದೆ, ಯಾರೂ ಏನೂ ಒತ್ತದಿದ್ದರೂ ಆಟೋಸೇವ್‌ಗೆ ಓಡುತ್ತದೆ. ಎಡಿಟರ್ ಸುಮಾರು 60 ಸೆಕೆಂಡಿಗೊಮ್ಮೆ ತಾನೇ ಉಳಿಸಿಕೊಳ್ಳುತ್ತದಲ್ಲ, ಅದು. ಅಕ್ಕ 48,500 ಅಂತ ಹೊಡೆಯುವಾಗ ಒಂದು ಸೊನ್ನೆ ಬಿಟ್ಟಿದ್ದರು. ತಿದ್ದುವಷ್ಟರಲ್ಲಿ ‘ರಾಶಿ 4,850’ ಎಲ್ಲರ ಮೊಬೈಲಿಗೂ ತಲುಪಿಯಾಗಿತ್ತು. ಪಕ್ಕದೂರಿನ ಹಿರಿಯರೊಬ್ಬರು ಫೋನ್ ಮಾಡಿ, “ತಮಾ, ಆ ರೇಟಿಗೆ ನಂಗೊಂದು ಹತ್ತು ಕ್ವಿಂಟಾಲ್ ಕೊಡಸು ಮಾರಾಯ” ಅಂದರು.

ನಗಾಡಿದೆ. ಪಬ್ಲಿಶ್ ಆಗಿದ್ದರೆ ಮಾತ್ರ ಕಳಿಸು ಅಂತ ಷರತ್ತು ಸೇರಿಸಿದೆ. ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ತಲೆಬರಹಕ್ಕೆ ದಿನಾಂಕ ತಾನೇ ಸೇರಲಿ ಅಂತ ಅದೇ ರೂಲಿನ ಕೊನೆಗೆ ಪೋಸ್ಟನ್ನು ಅಪ್‌ಡೇಟ್ ಮಾಡುವ ಒಂದು ಸಾಲು ಹಾಕಿದೆ. ಅಪ್‌ಡೇಟ್ ಅಂದರೆ ಮತ್ತೆ ಸೇವ್. ಸೇವ್ ಆದರೆ ಮತ್ತೆ ರೂಲ್. ರೂಲ್ ಓಡಿದರೆ ಮೊದಲು ಮೆಸೇಜ್, ಆಮೇಲೆ ಅಪ್‌ಡೇಟ್.

ಆಷಾಢದ ಮಳೆ, ಬೆಳಗಿನಿಂದ ಕರೆಂಟಿಲ್ಲ. ಮನೆಯೊಳಗೆ ಸಿಗ್ನಲ್ ಸಿಗುವುದಿಲ್ಲ. ಕೊಟ್ಟಿಗೆ ಹಿಂದಿನ ದಿಬ್ಬಕ್ಕೇ ಹೋಗಬೇಕು. ಕೊಡೆ ಹಿಡಿದು ಹತ್ತಿದ್ದೇ ತಡ, ನನ್ನ ಫೋನಿಗೂ ಒಂದರ ಹಿಂದೊಂದು ಅದೇ ಮೆಸೇಜ್ ಟಣ್ ಟಣ್ ಅನ್ನತೊಡಗಿತು. ವರ್ಡ್‌ಪ್ರೆಸ್ಸಿನ ಕೋಡ್ ಓಡಿಸುವ ಪಿಎಚ್‌ಪಿಗೆ 30 ಸೆಕೆಂಡಿನ ಮಿತಿ ಇದೆಯಲ್ಲ, ತಾನಾಗೇ ನಿಲ್ಲುತ್ತದೆ ಅಂದುಕೊಂಡೆ. ನಿಲ್ಲಲಿಲ್ಲ. ಲಿನಕ್ಸ್ ಸರ್ವರಿನಲ್ಲಿ ಆ ಲೆಕ್ಕಕ್ಕೆ ಬರುವುದು ಕೋಡ್ ಓಡಿದ ಹೊತ್ತು ಮಾತ್ರ. ಎಸ್ಸೆಮ್ಮೆಸ್ ಕಳಿಸಿಕೊಡುವ ಗೇಟ್‌ವೇಯ ಉತ್ತರಕ್ಕೆ ಕಾದ ಹೊತ್ತು ಸೇರುವುದೇ ಇಲ್ಲ. ನನ್ನ ರೂಲ್ ಮಾಡುತ್ತಿದ್ದದ್ದೆಲ್ಲ ಬರೀ ಕಾಯುವ ಕೆಲಸ.

ಇದರ ಮೇಲೆ ಕನ್ನಡದ ಮೆಸೇಜಿನ ಲೆಕ್ಕ ಬೇರೆ. ಒಂದು ಎಸ್ಸೆಮ್ಮೆಸ್ಸಿನಲ್ಲಿ ಇಂಗ್ಲಿಷಿಗೆ 160 ಅಕ್ಷರ, ಕನ್ನಡಕ್ಕೆ 70. ಕಾಗುಣಿತ, ಒತ್ತು ಎಲ್ಲ ಬಿಡಿಬಿಡಿಯಾಗಿ ಎಣಿಸಿ ‘ಶಿವಮೊಗ್ಗ’ ಒಂದಕ್ಕೇ ಎಂಟು. ಹಾಗಾಗಿ ನಮ್ಮ ಮೆಸೇಜ್ ತಲೆಗೆ ಎರಡು, ಎಲ್ಲರಿಗೂ ಹೋಗುವ ಒಂದು ಸುತ್ತಿಗೆ 424. ಹಿಂದಿನ ದಿನವಷ್ಟೇ ಹಾಕಿಸಿದ್ದ ಹತ್ತು ಸಾವಿರ ಎಸ್ಸೆಮ್ಮೆಸ್ಸಿನಲ್ಲಿ 23 ಸುತ್ತು ಹೋಗಿ 248 ಉಳಿಯಿತು. ಇನ್ನೊಂದು ಸುತ್ತಿಗೆ ಸಾಲದೆ ಮೆಸೇಜ್ ನಿಂತಿತೇ ಹೊರತು ನನ್ನ ಬುದ್ಧಿವಂತಿಕೆಯಿಂದಲ್ಲ. ದುಡ್ಡು ನನ್ನ ಕೈಯಿಂದಲೇ ಕಟ್ಟಿದೆ.

ಈಗ ರೂಲನ್ನು ಪೋಸ್ಟಿನ ಹಳೇ-ಹೊಸ ಸ್ಥಿತಿ ಎರಡನ್ನೂ ತಿಳಿಸುವ ‘ಟ್ರಾನ್ಸಿಷನ್_ಪೋಸ್ಟ್_ಸ್ಟೇಟಸ್’ ಹುಕ್‌ಗೆ ಕಟ್ಟಿದ್ದೇನೆ: ಹೊಸ ಸ್ಥಿತಿ ಪಬ್ಲಿಶ್ ಆಗಿರಬೇಕು, ಹಳೆಯದು ಪಬ್ಲಿಶ್ ಆಗಿರಬಾರದು. ಕಳಿಸುವ ಮೊದಲೇ ‘ಕಳಿಸಿದೆ’ ಅಂತ ಪೋಸ್ಟಿನ ಮೆಟಾದಲ್ಲಿ, ಅಂದರೆ ಅದರ ಜೊತೆ ಉಳಿಯುವ ಹೆಚ್ಚುವರಿ ಮಾಹಿತಿಯಲ್ಲಿ, ಗುರುತು ಬೀಳುತ್ತದೆ. ಕಳಿಸಿದ ಮೇಲೆ ಗುರುತು ಹಾಕಿದರೆ ನಡುವೆ ಎಡವಟ್ಟಾದಾಗ ಮತ್ತೆ ಅದೇ ಪಾಡು. ದಿನಾಂಕವನ್ನು, ಪೋಸ್ಟ್ ಡೇಟಾಬೇಸಿಗೆ ಹೋಗುವ ಮುಂಚೆ ಅದನ್ನು ತಿದ್ದಲು ಬಿಡುವ ಫಿಲ್ಟರಿನಲ್ಲೇ ಸೇರಿಸುತ್ತೇನೆ. ರೂಲಿನೊಳಗೇ ಅಪ್‌ಡೇಟ್ ಮಾಡಲೇಬೇಕಿದ್ದರೆ ಮೊದಲು ಹುಕ್ ಕಳಚಿ, ಆಮೇಲೆ ಸಿಕ್ಕಿಸಿ. ವರ್ಡ್‌ಪ್ರೆಸ್ಸಿನಂಥದೇ ಡ್ರೂಪಲ್ ಬಳಸುವವರೂ ನಗಬೇಡಿ, ‘ಉಳಿಸಿದ ನಂತರ’ದ ರೂಲಿನಲ್ಲಿ ಅದನ್ನೇ ಮತ್ತೆ ಉಳಿಸಿದರೆ ನಿಮಗೂ ಇದೇ ಗತಿ. ಹಾಗೇ, ಪರೀಕ್ಷೆ ಮಾಡುವಾಗ ಪಟ್ಟಿಯಲ್ಲಿ ನಿಮ್ಮ ನಂಬರ್ ಒಂದೇ ಇರಲಿ.

ತಿಂಗಳು ಎಂಟಾಯಿತು. ಅಕ್ಕ ಈಗಲೂ ಪಬ್ಲಿಶ್ ಮೇಲೆ ಮೌಸ್ ಇಟ್ಟುಕೊಂಡು ನನಗೆ ಫೋನ್ ಮಾಡುತ್ತಾರೆ: “ಒತ್ಲಾ?”