ತಾಮ್ರದ ಎಚಿಂಗ್ ಕಿಟ್: ತಗಡಿಗೆ ಶಭಾಷ್, ಮೇಣಕ್ಕೆ ಅಲ್ಲ

ಹಾಸನದ ಕಲಾ ಸಾಮಗ್ರಿ ಅಂಗಡಿಯೊಂದು ‘17ನೇ ಶತಮಾನದ ಪುಸ್ತಕ ಮುದ್ರಣ’ ಅಂತ ಹೆಸರಿಟ್ಟು ಮಾರುತ್ತಿರುವ ಪೆಟ್ಟಿಗೆ ಇದು. ಎಚಿಂಗ್ ಎಂದರೆ ತಗಡಿಗೆ ಮೇಣದ ಲೇಪ ಹಚ್ಚಿ, ಅದರಲ್ಲಿ ಗೀರು ಎಳೆದು, ತಾಮ್ರ ಬಯಲಾದಲ್ಲಿ ಆಸಿಡ್‌ನಿಂದ ಕೊರೆಸಿ, ಲೇಪ ತೆಗೆದು, ಗೀರಿಗೆ ಶಾಯಿ ತುಂಬಿ ಹಾಳೆಗೆ ಒತ್ತುವುದು. ಒಳಗೆ 10×15 ಸೆಂ.ಮೀ. ಅಳತೆಯ ಎರಡು ತಾಮ್ರದ ತಗಡು, ಸೂಜಿ, ಎಶೋಪ್ (ಗೀರೆಳೆಯುವ ಓರೆ ಮೊನೆಯ ಸಲಕರಣೆ), ಬಟ್ಟೆಯಲ್ಲಿ ಕಟ್ಟಿದ ಮೇಣದುಂಡೆ, ಆಸಿಡ್‌ನಂತೆ ತಾಮ್ರ ಕೊರೆಯುವ ಫೆರಿಕ್ ಕ್ಲೋರೈಡ್ ಹರಳು, ಶಾಯಿ, ಹತ್ತು ಹಾಳೆ.

ಹೆಸರೇ ದಾರಿ ತಪ್ಪಿಸುತ್ತದೆ. ಆ ಕಾಲದ ಯುರೋಪಿನಲ್ಲಿ ಪುಸ್ತಕದ ಅಕ್ಷರಗಳು ಸೀಸದ ಅಚ್ಚುಮೊಳೆಯಿಂದ, ಮೇಲಿನಿಂದ ಒತ್ತುವ ಪ್ರೆಸ್ಸಿನಲ್ಲಿ ಮೂಡುತ್ತಿದ್ದವು. ತಾಮ್ರದ ಚಿತ್ರಕ್ಕೆ ಬೇರೆಯದೇ ಯಂತ್ರ: ಕಬ್ಬಿನ ಗಾಣದ ಹಾಗೆ ಎರಡು ಉರುಳೆ, ನಡುವೆ ತಗಡು, ಹಾಳೆ, ಉಣ್ಣೆಯ ಕಂಬಳಿ. ಅಕ್ಷರವೂ ತಾಮ್ರಚಿತ್ರವೂ ಇರುವ ಒಂದೇ ಪುಟ ಎರಡೂ ಯಂತ್ರ ಹಾಯಬೇಕಿತ್ತು. ಪೆಟ್ಟಿಗೆಯಲ್ಲಿ ಉರುಳೆ ಯಂತ್ರ ಇಲ್ಲ, ಬೇಕೆಂಬ ಮಾತೂ ಇಲ್ಲ. ಪುಸ್ತಕ ಬೈಂಡಿಂಗಿನ ತಿರುಪು ಪ್ರೆಸ್ಸಿನಲ್ಲಿ ಒತ್ತಿದರೆ ಗೀರಿನೊಳಗಿನ ಶಾಯಿ ಮೇಲೇಳುವುದಿಲ್ಲ, ಮಾಸಲು ಚಿತ್ರ ಬರುತ್ತದೆ.

ತಗಡು ಒಳ್ಳೆಯದು, 1 ಮಿ.ಮೀ. ದಪ್ಪ, ಹೊಳಪೂ ಸಮನಾಗಿದೆ. ಅಂಚು ಮಾತ್ರ ಕತ್ತರಿಸಿದ ಹಾಗೇ ಇದೆ. ಅರದಿಂದ 45 ಡಿಗ್ರಿ ಓರೆಗೆ ಉಜ್ಜದೆ ಯಂತ್ರಕ್ಕೆ ಕೊಟ್ಟರೆ ಹಾಳೆ, ಕಂಬಳಿ ಎರಡೂ ಹರಿಯುತ್ತವೆ. ಹುಣಸೆಹಣ್ಣಿನಿಂದ ತಿಕ್ಕಿ ಎಂದು ಸೂಚನೆ ಪತ್ರ ಹೇಳುತ್ತದೆ. ಹುಣಸೆ ಕಿಲುಬು ತೆಗೆಯುತ್ತದೆ, ಜಿಡ್ಡು ತೆಗೆಯುವುದಿಲ್ಲ. ಆಮೇಲೆ ಸೀಮೆಸುಣ್ಣದ ಪುಡಿಗೆ ಸ್ವಲ್ಪ ಅಮೋನಿಯಾ ಬೆರೆಸಿ ಉಜ್ಜಿ. ನೀರು ಹನಿಯಾಗದೆ ಹಾಳೆಯಂತೆ ಹರಡಿ ನಿಂತರೆ ಜಿಡ್ಡು ಹೋಯಿತು ಎಂದರ್ಥ.

ಎಶೋಪ್‌ಗೆ ಪೂರ್ತಿ ಅಂಕ. ಓರೆಯಾಗಿ ಕೊಯ್ದ ಅಂಡಾಕಾರದ ಮೊನೆ. ಬೆರಳಲ್ಲಿ ತಿರುಗಿಸುತ್ತ ಎಳೆದರೆ ಗೀರು ತೆಳುವಿನಿಂದ ದಪ್ಪಕ್ಕೆ ಉಬ್ಬಿ ಮತ್ತೆ ತೆಳುವಾಗುತ್ತದೆ, ಆಸಿಡ್ ಇಲ್ಲದೆ ತಾಮ್ರವನ್ನು ನೇರವಾಗಿ ಕೆತ್ತುವ ಬ್ಯೂರಿನ್ ಉಳಿಯಲ್ಲಿ ಕೆತ್ತಿದಂತೆಯೇ ಕಾಣುತ್ತದೆ. ಫ್ರೆಂಚ್ ಎಚಿಂಗ್ ಕಲಾವಿದ ಜಾಕ್ ಕಾಲೊ (1592–1635) ಇದನ್ನು ಪಳಗಿಸಿಕೊಂಡದ್ದು ತಂತಿವಾದ್ಯ ಮಾಡುವವರ ಗಟ್ಟಿ ವಾರ್ನಿಷ್ ಮೇಲೆ. 1645ರಲ್ಲಿ ಇನ್ನೊಬ್ಬ ಫ್ರೆಂಚ್ ಕಲಾವಿದ ಅಬ್ರಹಾಂ ಬೊಸ್ ಆ ಗಟ್ಟಿ ಲೇಪದ ವಿಧಾನವನ್ನು ವಿವರವಾಗಿ ಬರೆದಿಟ್ಟ.

ಕಿಟ್ ಸೋತದ್ದು ಈ ಲೇಪದಲ್ಲೇ. ಮೇಣದುಂಡೆಯಲ್ಲಿ ರಾಳ ಜಾಸ್ತಿ. ಗೀರುಗಳು ಒಂದನ್ನೊಂದು ದಾಟುವಲ್ಲಿ ಲೇಪ ಚಕ್ಕೆಯೇಳುತ್ತದೆ, ಆಸಿಡ್ ಅಲ್ಲೆಲ್ಲ ನುಗ್ಗಿ ಕಪ್ಪು ಕಲೆ ಮಾಡುತ್ತದೆ. ಚಿಕ್ಕಮಗಳೂರಿನ ಮಾಗಿಯ ಬೆಳಗಿನಲ್ಲಂತೂ ಇನ್ನೂ ಪೆಡಸು. ಉಂಡೆಯ ತೂಕದ ಐದನೇ ಒಂದು ಭಾಗ ಜೇನುಮೇಣ ಸೇರಿಸಿ, ಬಿಸಿನೀರಿನ ಪಾತ್ರೆಯೊಳಗೆ ಬಟ್ಟಲಿಟ್ಟು ಕರಗಿಸಿಕೊಳ್ಳಿ. ಹೊಸದಾಗಿಯೇ ಮಾಡುವುದಾದರೆ ಜೇನುಮೇಣ 2 ಪಾಲು, ಆಸ್ಫಾಲ್ಟಮ್ (ಟಾರಿನಂಥ ಕಪ್ಪು ಗಟ್ಟಿ ಪದಾರ್ಥ) 2, ರಾಳ 1. ಹಚ್ಚುವಾಗ ತಗಡು ಉಂಡೆ ಕರಗುವಷ್ಟೇ ಬಿಸಿಯಿರಲಿ. ಹೊಗೆಯೆದ್ದರೆ ಲೇಪದಲ್ಲಿ ತೂತು ಬೀಳುತ್ತದೆ.

ತಗಡು ಕೊರೆಯಲು ಬೊಸ್ ಬಳಸಿದ್ದು ವಿನಿಗರ್, ನವಸಾಗರ, ಉಪ್ಪು, ತಾಮ್ರದ ಕಿಲುಬು ಕುದಿಸಿದ ನೀರು; ಓರೆಯಾಗಿ ನಿಲ್ಲಿಸಿದ ತಗಡಿನ ಮೇಲೆ ಮತ್ತೆ ಮತ್ತೆ ಸುರಿಯುತ್ತಿದ್ದರು. ಫೆರಿಕ್ ಕ್ಲೋರೈಡ್ ಈ ಕಾಲದ್ದು, ಆದರೂ ಆಕ್ಷೇಪವಿಲ್ಲ. ಹರಳನ್ನು ನೀರಿಗೆ ಸ್ವಲ್ಪಸ್ವಲ್ಪವೇ ಹಾಕಿ, ದ್ರಾವಣ ಕಾಯುತ್ತದೆ. ಕನ್ನಡಕ, ಕೈಗವಸು ಬೇಕೇ ಬೇಕು. ತಗಡನ್ನು ಬೋರಲಾಗಿ ತೇಲಿಸಿ, ಇಲ್ಲದಿದ್ದರೆ ಗೀರಿನಲ್ಲಿ ಕೆಸರು ಕೂತು ಕೊರೆತ ಆಳಕ್ಕೆ ಇಳಿಯದೆ ನಿಲ್ಲುತ್ತದೆ. ತಣ್ಣಗಿದ್ದಷ್ಟೂ ಕೊರೆತ ನಿಧಾನ, ಆದ್ದರಿಂದ ಮೊದಲು ತಗಡಿನ ಚೂರೊಂದರಲ್ಲಿ ಹತ್ತು ನಿಮಿಷ, ಅರ್ಧ ಗಂಟೆ, ಒಂದು ಗಂಟೆ ಹೀಗೆ ನೋಡಿಕೊಳ್ಳಿ.

ಶಾಯಿ ಪರವಾಗಿಲ್ಲ. ತುಂಬಿ ಒರೆಸುವ ಕ್ರಮ ನಮ್ಮ ತಾಳೆಗರಿಯದೇ. ಕಂಟದಿಂದ ಕೊರೆದು, ಮಸಿ ತುಂಬಿ, ಮೇಲ್ಮೈ ಒರೆಸಿದರೆ ಅಕ್ಷರ ಮಾತ್ರ ಉಳಿಯುತ್ತದಲ್ಲ, ಹಾಗೆ. ಶ್ರವಣಬೆಳಗೊಳದ ಮಠದ ಗರಿಗಳನ್ನು ನೋಡಿದವರಿಗೆ ಹೇಳಿಕೊಡುವುದೇ ಬೇಡ. ಗಂಜಿ ಹಾಕಿದ ಜಾಳು ಬಟ್ಟೆಯಲ್ಲಿ ಒರೆಸಿ. ಮೆತ್ತನೆಯ ಪಂಚೆ ಗೀರಿನೊಳಗಿನ ಶಾಯಿಯನ್ನೂ ಹೀರಿಬಿಡುತ್ತದೆ.

ಹಾಳೆ ಸುಮ್ಮನೆ ದಂಡ: ತೆಳು ಡ್ರಾಯಿಂಗ್ ಹಾಳೆ, ನೆನೆಸಿದರೆ ಹರಿಯುತ್ತದೆ. ಅಂಟು ಕಡಿಮೆಯಿರುವ ಹತ್ತಿಯ ಹಾಳೆ, ಸುಮಾರು 250–300 ಜಿಎಸ್‌ಎಂ, ಬೇರೆ ಕೊಳ್ಳಿ. ಹಿಂದಿನ ದಿನವೇ ನೆನೆಸಿ, ಒಂದರ ಮೇಲೊಂದು ಪೇರಿಸಿ ಭಾರ ಹೇರಿದರೆ ತೇವ ಸಮನಾಗುತ್ತದೆ. ಆಗಿನ ಮುದ್ರಕರೂ ಹಾಗೇ ಮಾಡುತ್ತಿದ್ದರು. ಮಲೆನಾಡಿನ ಮಳೆಗಾಲದಲ್ಲಿ ಎರಡು ದಿನ ಮೀರಿಸಬೇಡಿ, ಬೂಷ್ಟು ಹಿಡಿಯುತ್ತದೆ.

ತಗಡು, ಎಶೋಪ್ ಬಿಡಿಯಾಗಿ ಕೊಟ್ಟರೆ ಅವೆರಡನ್ನೇ ತೆಗೆದುಕೊಳ್ಳಿ. ಬಳಸಿದ ಆಸಿಡ್ ತೋಟದ ಹಳ್ಳಕ್ಕೂ ಸ್ಟೀಲ್ ಸಿಂಕಿಗೂ ಬೇಡ. ವಾಷಿಂಗ್ ಸೋಡ ಹಾಕಿ, ನೊರೆ ನಿಂತ ಮೇಲೆ ಅಡಿಯಲ್ಲಿ ಕೂತ ಗಸಿಯನ್ನು ಪ್ಲಾಸ್ಟಿಕ್ ಡಬ್ಬದಲ್ಲಿ ತುಂಬಿಡಿ.